ಮಳವಳ್ಳಿ ಕಡೆಯಿಂದ ಬಂದ ಎತ್ತು

ಮೊನ್ನೆ ಹಿತ್ತಲಿನಲ್ಲಿ ಸುಣ್ಣ ಕಲಸುತ್ತಿದ್ದರು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ಪಕ್ಕದ ಮನೆಯ ಅತ್ತೆಮ್ಮ ನೆನಪಾದರು. ನನ್ನ ಸ್ವಂತ ಅತ್ತೆಯಲ್ಲ. ಮದುವೆಯಾಗಿ ಮದ್ದೂರಿನ ಹತ್ತಿರದ ಹಳ್ಳಿಗೆ ಬಂದ ಹೊಸದರಲ್ಲಿ, ಬಾಯಿ ಬಿಡಲೂ ಹೆದರುತ್ತಿದ್ದ ನನ್ನನ್ನು ಬೇಲಿಯಾಚೆಯಿಂದ ಕರೆದು ಮಾತಾಡಿಸಿದ ಮೊದಲ ಹೆಂಗಸು ಅವರು.

ಅದು ಎರಡನೇ ಮಹಾಯುದ್ಧದ ಕಾಲ. ಆ ವರ್ಷ ಅವರ ಜೋಡಿ ಎತ್ತಿನಲ್ಲಿ ಒಂದು ಸತ್ತುಹೋಯಿತು. ಉಳಿದದ್ದಕ್ಕೆ ಜೊತೆ ಹುಡುಕಿಕೊಂಡು ಅವರ ಗಂಡ, ಅಂದರೆ ನಾನು ಮಾವ ಅನ್ನುತ್ತಿದ್ದವರು, ಮಳವಳ್ಳಿ ಕಡೆ ಇದ್ದ ಬಾಮೈದನ ಊರಿಗೆ ಹೋದರು. ಮುಸ್ಸಂಜೆಯಲ್ಲಿ ಒಂದು ಸಲ ನೋಡಿ, ಒಪ್ಪಿ, ರಾತ್ರಿಯೇ ಎತ್ತು ಹೊಡೆದುಕೊಂಡು ಬಂದರು. ಎರಡರ ಬಣ್ಣವೂ ಒಂದೇ ಇರಬೇಕು ಅನ್ನುವುದು ಮಾವನ ಹಟ. ಗಾಡಿ ಹೊರಟರೆ ಊರೇ ತಿರುಗಿ ನೋಡಬೇಕಿತ್ತು ಅವರಿಗೆ...

ಮಾರನೆಯ ಬೆಳಿಗ್ಗೆ ಕೊಟ್ಟಿಗೆಗೆ ಇಣುಕಿದವರು ಅಲ್ಲೇ ನಿಂತುಬಿಟ್ಟರು. ಹಳೆಯದು ಬೆಳ್ಳಗಿತ್ತು, ಹೊಸದು ಬೂದಿ ಬಣ್ಣ.

“ಸಂಜೆಗತ್ಲಲ್ಲಿ ತೋರ್ಸಿ ಮೋಸ ಮಾಡವ್ನೆ ಕಣಮ್ಮಿ ನಿನ್ ತಮ್ಮ” ಅಂದರು. ಎತ್ತು ವಾಪಸು ಹೊಡೆದುಕೊಂಡು ಹೋಗು ಅಂತ ಬಾಮೈದನಿಗೆ ಹೇಳಿಯೂ ಕಳಿಸಿದರು. ಅವನು ಬರುವವರೆಗೆ ಅದನ್ನು ಕೊಟ್ಟಿಗೆಯಿಂದ ಆಚೆ ಬಿಡಲೇ ಇಲ್ಲ. ಅತ್ತೆಮ್ಮ ಗಂಡನ ಜೊತೆ ಮಾತು ಬಿಟ್ಟರು. ಅವರಿಗೆ ತವರು ಅಂತ ಇದ್ದದ್ದು ಆ ತಮ್ಮನೊಬ್ಬನೇ. “ಎತ್ತು ಓದ್ರೆ ಓಗ್ಲಿ, ನನ್ ತವರ್ ಬಾಗ್ಲೂ ಮುಚ್ಚೋಯ್ತದಲ್ಲವ್ವ” ಅಂತ ನನ್ನ ಹತ್ತಿರ ಕಣ್ಣೀರು ಹಾಕಿದರು.

ತಮ್ಮ ಬಂದೇಬಿಟ್ಟ, ಹೆಗಲ ಮೇಲೆ ಹಗ್ಗ ಹಾಕಿಕೊಂಡು. ಕೊಟ್ಟ ನೀರನ್ನೂ ಮುಟ್ಟಲಿಲ್ಲ. ಎತ್ತು ಬಿಚ್ಚಲು ಅತ್ತೆಮ್ಮನೇ ಕೊಟ್ಟಿಗೆಗೆ ನಡೆದರು, ಹಿಂದೆ ನಾನು. ಬಿಸಿಲಿನಿಂದ ಒಳಗೆ ಬಂದ ನಮಗೆ ಹೊಸ ಎತ್ತು ಕಪ್ಪಗೇ ಕಂಡಿತು. ಅತ್ತೆಮ್ಮ ಅದರ ಮೈ ಸವರುತ್ತಾ ಸುಮ್ಮನೆ ನಿಂತರು. ನಿಂತಷ್ಟು ಹೊತ್ತೂ ಎತ್ತಿನ ಬಣ್ಣ ತಿಳಿಯಾಗುತ್ತಾ ಬಂತು... ಅತ್ತೆಮ್ಮ ಕಣ್ಣೊರೆಸಿಕೊಂಡು ಗೋಡೆ ನೋಡಿದರು. ಹಬ್ಬಕ್ಕೆ ನಾವಿಬ್ಬರೂ ಮನೆಗೆ ಬಳಿದು ಮಿಕ್ಕಿದ್ದ ಸುಣ್ಣ ಕೊಟ್ಟಿಗೆಯ ಒಂದೇ ಗೋಡೆಗೆ ಸಾಕಾಗಿತ್ತು. ಹೊಸ ಎತ್ತು ನಿಂತಿದ್ದದ್ದು ಆ ಬಿಳಿ ಗೋಡೆಯ ಮುಂದೆ. ಹಳೆಯದು ಹೊಗೆ ಹಿಡಿದ ಕರಿ ಗೋಡೆಯ ಮುಂದೆ.

“ಇಡ್ಕೊ ಈ ಅಗ್ಗವ” ಅಂದರು. ಇಬ್ಬರೂ ಸೇರಿ ಎತ್ತುಗಳನ್ನು ಅದಲುಬದಲು ಕಟ್ಟಿದೆವು. ಆಮೇಲೆ ಗಂಡನನ್ನೂ ತಮ್ಮನನ್ನೂ ಕರೆದು ಕೊಟ್ಟಿಗೆಯೊಳಗೆ ಕೂರಿಸಿದರು.

“ನೋಡ್ಬುಟ್ಟು ಓಡ್ಬ್ಯಾಡಿ. ವಸಿ ಒತ್ತು ಕುಂತು ನೋಡಿ.”

ಈಗ ಮಳವಳ್ಳಿಯದು ಬೆಳ್ಳಗಿತ್ತು, ಮಾವನ ಎತ್ತು ಬೂದಿಯಾಗಿತ್ತು. ತಮ್ಮನಿಗೆ ನಗು ತಡೆಯಲಾಗಲಿಲ್ಲ.

“ಬಾವ, ಈಗ ನಿಮ್ದೇ ಕಪ್ಪಾಯ್ತಲ್ಲ. ಯಾವ್ದ ಒಡ್ಕೊಂಡೋಗ್ಲಿ?”

ಮಾವ ತಲೆ ಕೆರೆದುಕೊಂಡರು. “ಎರ್ಡೂ ಇಲ್ಲೇ ಇರ್ಲಿ. ಉಂಡ್ಬುಟ್ಟು ಓಗ್ಲಾ” ಅಂದರು.

ಅಂಗಳಕ್ಕೆ ತಂದು ನಿಲ್ಲಿಸಿದರೆ ಎರಡಕ್ಕೂ ಒಂದಿಷ್ಟೂ ವ್ಯತ್ಯಾಸವಿರಲಿಲ್ಲ. ಅತ್ತೆಮ್ಮ ಕೋಳಿ ಕುಯ್ಯಿಸಿದರು. ಮುದ್ದೆ ತಿರುವುತ್ತಾ ಒಬ್ಬರೇ ನಗುತ್ತಿದ್ದರು, ಅವರನ್ನು ನೋಡಿ ನಾನೂ. ಆ ಊರಿಗೆ ಬಂದ ಮೇಲೆ ನಾನು ಗಟ್ಟಿಯಾಗಿ ನಕ್ಕಿದ್ದು ಅದೇ ಮೊದಲು.

ಸ್ವಾತಂತ್ರ್ಯ ಬರುವ ಮೊದಲೇ ಅತ್ತೆಮ್ಮ ಜ್ವರ ಬಂದು ತೀರಿಕೊಂಡರು. ಅವರದೊಂದು ಫೋಟೋ ಸಹ ಇಲ್ಲ. ಇದನ್ನೆಲ್ಲ ಹೇಳುತ್ತಿದ್ದಾಗ ಮೊಮ್ಮಗಳು, “ಆ ಅಜ್ಜಿ ಬೆಳ್ಳಗಿದ್ರಾ, ಕಪ್ಪಗಿದ್ರಾ?” ಅಂತ ಕೇಳಿದಳು. ದಿನಾ ನೋಡುತ್ತಿದ್ದ ಮುಖ... ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.

“ಮರ್ತೋಯ್ತು ಕಣವ್ವ” ಅಂದೆ.