ಬೆಣ್ಣೆಗೆ ಒಂದು ಗಳಿಗೆ ಮುಂಚೆ

ಫ್ರಿಜ್ಜು ಅನ್ನುವುದು ನಮ್ಮೂರಿಗೆ ಇನ್ನೂ ಕಾಲಿಟ್ಟಿರಲಿಲ್ಲ. ತಣ್ಣಗಾಗಬೇಕಾದದ್ದು ಏನಿದ್ದರೂ ಬಾವಿಗೆ ಇಳಿಯುತ್ತಿದ್ದ ಕಾಲ ಅದು. ಬೇಸಿಗೆಯಲ್ಲಿ ಹಾಲು ಒಡೆಯದಿರಲಿ ಎಂದು ಅಜ್ಜಿ ಪಾತ್ರೆಯನ್ನು ಬುಟ್ಟಿಯಲ್ಲಿ ಕೂರಿಸಿ, ಬಟ್ಟೆ ಮುಚ್ಚಿ, ಹಗ್ಗ ಕಟ್ಟಿ ಬಾವಿಗೆ ಬಿಡುತ್ತಿದ್ದಳು. ಬುಟ್ಟಿಯ ತಳ ನೀರು ಮುಟ್ಟಿತು ಅನ್ನುವಾಗ ಹಗ್ಗವನ್ನು ಕಂಬಕ್ಕೆ ಸುತ್ತಿ ಬಿಗಿಯುತ್ತಿದ್ದಳು. ಬಾವಿಯಲ್ಲಿಟ್ಟ ಮಾವಿನಹಣ್ಣು ತಿಂದವರು ನಿಮ್ಮಲ್ಲಿ ಯಾರಾದರೂ ಇದ್ದರೆ ನಾನು ಹೇಳುವ ತಂಪು ಎಂಥದ್ದು ಅಂತ ಗೊತ್ತಾಗುತ್ತದೆ. ಫ್ರಿಜ್ಜಿನ ತಂಪಿನ ಹಾಗೆ ಅದು ಹಲ್ಲಿಗೆ ಹೊಡೆಯುವುದಿಲ್ಲ.

ಹೊಸನಗರದಿಂದ ಸಾಗರಕ್ಕೆ ಹೋಗುವ ರಸ್ತೆ ಬಿಟ್ಟು ಒಳಗೆ ಎರಡು ಮೈಲಿ ನಮ್ಮೂರು. ನನಗೆ ಒಂಬತ್ತು ವರ್ಷ, ಶಾಲೆಗೆ ರಜ. ಒಂದು ಸೋಮವಾರ ಅಪ್ಪ ಪೇಟೆಯಿಂದ ಬಂದವರು, ಗುರುವಾರ ಬೆಳಿಗ್ಗೆ ದೊಡ್ಡಮನೆ ಅಮ್ಮನೋರು ಮೊಮ್ಮಗನ ಉಪನಯನಕ್ಕೆ ಕರೆಯಲು ನಮ್ಮನೆಗೆ ಬರುತ್ತಾರಂತೆ ಎಂದರು. ಅಕ್ಕಿ ಆರಿಸುತ್ತಿದ್ದ ಅಜ್ಜಿಯ ಕೈ ಮೊರದ ಮೇಲೆ ಹಾಗೇ ನಿಂತಿತು.

ದೊಡ್ಡಮನೆ ಎಂದರೆ ನಮ್ಮ ಗದ್ದೆಗೆ ಹಿಂದೆ ಒಡೆಯರಾಗಿದ್ದವರ ಮನೆ. ನಮ್ಮಜ್ಜ ಅವರ ಗೇಣಿ ಒಕ್ಕಲು. ಉಳುವವನೇ ಒಡೆಯ ಎಂಬ ಕಾನೂನು ಬಂದು ಗದ್ದೆ ನಮ್ಮ ಹೆಸರಿಗಾದ ಮೇಲೆ ಎರಡೂ ಮನೆಗೆ ಮಾತು ನಿಂತುಹೋಗಿತ್ತು. ಅದು ನಾನು ಹುಟ್ಟುವುದಕ್ಕೂ ಮುಂಚಿನ ಕಥೆ. ಆದರೆ ಅಜ್ಜಿ ಮತ್ತು ಅಮ್ಮನೋರು ಒಂದೇ ವರ್ಷ ಈ ಊರಿಗೆ ಮದುವೆಯಾಗಿ ಬಂದವರು. ಅಜ್ಜಿ ಅವರ ಅಂಗಳದಲ್ಲಿ ಭತ್ತ ಕುಟ್ಟಿ, ಅಂಗಳದ ಮೂಲೆಯಲ್ಲೇ ಎಲೆ ಹಾಕಿಸಿಕೊಂಡು ಉಂಡು, ಉಂಡ ಎಲೆಯನ್ನು ತಾನೇ ಎತ್ತಿ, ಕೂತ ಜಾಗಕ್ಕೆ ತಾನೇ ಸಗಣಿ ಸಾರಿಸಿ ಬರುತ್ತಿದ್ದಳಂತೆ. ಅಜ್ಜಿ ಇದನ್ನು ದೂರು ಹೇಳಿದ ಹಾಗೆ ಹೇಳುತ್ತಿರಲಿಲ್ಲ, ಮಳೆ ಬಂತು ಬಿಸಿಲು ಬಂತು ಅನ್ನುವ ಹಾಗೆ ಹೇಳುತ್ತಿದ್ದಳು. ಸಿಟ್ಟು ಬರುತ್ತಿದ್ದದ್ದು ಕೇಳುವ ನನಗೆ. ಈಗಲೂ ಬರುತ್ತದೆ, ಸುಳ್ಳು ಯಾಕೆ ಹೇಳಲಿ?

ಅವತ್ತು ಸಂಜೆ ಅಜ್ಜಿ ಅಮ್ಮನ ಹತ್ತಿರ ಬಾಯಿ ಬಿಟ್ಟಳು.

“ಒಂದೇ ಒಂದ್ಸಲ ಅವ್ರು ನಮ್ಮನೆ ಜಗಲಿ ಮೇಲೆ ಕೂತು, ನಾನು ಕೈಯಾರೆ ಮಾಡಿದ್ದು ಏನಾದ್ರೂ ತಿನ್ಬೇಕು ಕಣೇ. ಸಾಯೋದ್ರೊಳ್ಗೆ ಅಷ್ಟು ನೋಡ್ಬೇಕು.”

ಅವರು ನಮ್ಮಲ್ಲಿ ಬೇಯಿಸಿದ್ದು ತಿನ್ನುವವರಲ್ಲ. ಬೆಂದದ್ದೆಲ್ಲ ಮುಸುರೆ, ಮುಸುರೆಗೆ ಮೈಲಿಗೆ ಉಂಟು. ಹಾಲಿಗೆ, ಹಣ್ಣಿಗೆ, ಎಳನೀರಿಗೆ ಮಾತ್ರ ಇಲ್ಲ. ಆ ಶಾಸ್ತ್ರವನ್ನು ನಮ್ಮ ಊರಿನಲ್ಲಿ ಕೂಸುಗಳೂ ಬಲ್ಲವು. ಎರಡು ಬಾಳೆಹಣ್ಣು ಇಟ್ಟರಾಯಿತಲ್ಲ ಎಂದು ಅಮ್ಮ ಸಮಾಧಾನ ಹೇಳಿದಳು. ಬಾಳೆಹಣ್ಣು ಮಾಡಿದ್ದು ಬಾಳೆಗಿಡ, ನಾನಲ್ಲ ಎಂದು ಅಜ್ಜಿ ಮುಖ ತಿರುಗಿಸಿದಳು.

ನಮ್ಮಮ್ಮ ಮೇಗರವಳ್ಳಿ ಕಡೆಯವಳು, ತೀರ್ಥಹಳ್ಳಿಯಲ್ಲಿ ಪಿಯುಸಿ ಓದಿದವಳು. ವಾರಪತ್ರಿಕೆಯ ಅಡುಗೆ ಪುಟ ಕತ್ತರಿಸಿ ಹಳೆ ನೋಟ್‌ಬುಕ್ಕಿಗೆ ಅಂಟಿಸುವ ಚಟ ಅವಳಿಗೆ. ಅದರಲ್ಲಿದ್ದ ಮುಕ್ಕಾಲು ಪಾಲು ತಿಂಡಿಗೆ ಬೇಕಾದ ಸಾಮಾನು ನಮ್ಮೂರ ಅಂಗಡಿಯವನು ಹೆಸರೂ ಕೇಳಿದವನಲ್ಲ. ಆ ಪುಸ್ತಕ ತಿರುವುತ್ತಾ ತಿರುವುತ್ತಾ ಅಮ್ಮ ಒಂದು ಪುಟದಲ್ಲಿ ಬೆರಳಿಟ್ಟು ನಿಂತಳು. ಫ್ರೂಟ್ ಕ್ರೀಮ್. ಕೆನೆಯನ್ನು ನೊರೆ ಬರುವಂತೆ ಕಡೆದು, ಸಕ್ಕರೆ ಪುಡಿ ಬೆರೆಸಿ, ಹಣ್ಣು ಹಾಕಿ, ತಣ್ಣಗೆ ಕೊಡುವುದು. ಅಷ್ಟೆ.

“ಅತ್ತೆ, ಇದ್ಕೆ ಒಲೆ ಹಚ್ಚದೇ ಬ್ಯಾಡ. ಹಾಲು, ಹಣ್ಣು, ಸಕ್ಕರೆ. ಹಸಿ ಹಾಲಿನ ಕೆನೆ ತೆಗೆದ್ರೆ ಬೆಂಕಿ ಸೋಂಕೇ ಇಲ್ಲ. ಎಂತ ಮೈಲಿಗೆ ಹೇಳ್ತಾರೆ, ನೋಡಾಣ!”

ಅಮ್ಮನ ಬುದ್ಧಿ ನೆನೆದರೆ ಇವತ್ತಿಗೂ ನನಗೆ ಬೆರಗು. ಅವರದೇ ಶಾಸ್ತ್ರದ ಬೇಲಿಯಲ್ಲಿ ಅವಳು ಒಂದು ಕಂಡಿ ಹುಡುಕಿಬಿಟ್ಟಿದ್ದಳು.

ಅವತ್ತು ರಾತ್ರಿಯ ಹಾಲು ಹಸಿಯದ್ದೇ ಬಾವಿಗೆ ಇಳಿಯಿತು. ಮಂಗಳವಾರ ಕೆನೆ ತೆಗೆದು ಮೊದಲ ಪರೀಕ್ಷೆ. ಅಮ್ಮ ಸಣ್ಣ ಕಡಗೋಲು ಹಿಡಿದು ಕೂತಳು. ಅಜ್ಜಿಗೆ ಎಲ್ಲಿ ತಡೆದೀತು? ಇದೇನು ಮಕ್ಕಳಾಟ ಎಂದು ಕಿತ್ತುಕೊಂಡು, ಎರಡು ಅಂಗೈ ನಡುವೆ ಕಡಗೋಲು ಇಟ್ಟು ತಿರುಗಿಸತೊಡಗಿದಳು. ಪತ್ರಿಕೆಯಲ್ಲಿ ಹತ್ತು ನಿಮಿಷ ಎಂದು ಬರೆದಿತ್ತು. ಅಮ್ಮ ಗಡಿಯಾರ ನೋಡುತ್ತಿದ್ದಳು. ಒಂಬತ್ತು ನಿಮಿಷ ಆಗುವುದರೊಳಗೆ ಅಜ್ಜಿ ಕಡಗೋಲು ಎತ್ತಿ ಹೆಮ್ಮೆಯಿಂದ ತೋರಿಸಿದಳು: ನಿಂಬೆಹಣ್ಣಿನ ಗಾತ್ರದ ಬೆಣ್ಣೆ ಮುದ್ದೆ, ಕೆಳಗೆ ಮಜ್ಜಿಗೆ ನೀರು. ಅಮ್ಮ ಹಣೆ ಚಚ್ಚಿಕೊಂಡಳು. ನಾನು ಅಭ್ಯಾಸದಂತೆ ಮುಂಗೈ ಚಾಚಿದೆ, ಅಜ್ಜಿ ಅದರ ಮೇಲೆ ಒಂದು ಚೂರು ಬೆಣ್ಣೆ ಸವರಿದಳು. ನಾನು ನೆಕ್ಕಿದೆ. ಮೂವರೂ ನಕ್ಕೆವು.

ನಗು ಮುಗಿದ ಮೇಲೆ ಹೆದರಿಕೆ ಶುರುವಾಯಿತು. ಕರೆಯುತ್ತಿದ್ದದ್ದು ಒಂದೇ ಎಮ್ಮೆ. ಗುರುವಾರದೊಳಗೆ ಸಿಗುವ ಕೆನೆ ಇನ್ನೊಂದು ಸಲಕ್ಕೆ ಸಾಕು, ಎರಡು ಸಲಕ್ಕಿಲ್ಲ. ಬೆಣ್ಣೆಗೆ ಮುಂಚೆಯೇ ನಿಲ್ಲಿಸಬೇಕು ಎಂದು ಅಮ್ಮ ಹೇಳಿದಳು. ಎಷ್ಟು ಮುಂಚೆ ಎಂದು ಅಜ್ಜಿ ಕೇಳಿದಳು. ಅದು ಪತ್ರಿಕೆಯಲ್ಲಿ ಇರಲಿಲ್ಲ.

ಅಜ್ಜಿ ಜಗಲಿಗೆ ಹೋಗಿ ಎಲೆಯಡಿಕೆಯ ಕವಳ ಹಾಕಿಕೊಂಡಳು. ಆಮೇಲೆ ಎದ್ದು ಬಂದು ಒಂದು ಮಾತು ಹೇಳಿದಳು.

“ಬೆಣ್ಣೆ ಬರಾಕ್ ಮುಂಚೆ ಒಂದ್ಸಲ ಅದು ಬಾಯ್ ಮುಚ್ಕಳ್ತದೆ. ಸದ್ದೇ ಇರಲ್ಲ. ಆಗ ಕೈ ನಿಲ್ಲಿಸ್ಬಾರ್ದು ಅಂತ ನಮ್ಮತ್ತೆ ಹೊಡ್ದು ಕಲ್ಸಿದ್ರು. ನಿಂಗೆ ಬೇಕಾಗಿರದು ಆ ಜಾಗನೇ ಇರ್ಬೇಕು.”

ಬುಧವಾರ ನಾನು ದನ ಮೇಯುವ ಕುರುಚಲು ಬ್ಯಾಣಕ್ಕೆ ಹೋಗಿ, ಕೈಕಾಲೆಲ್ಲ ಮುಳ್ಳು ಗೀರಿಸಿಕೊಂಡು ಒಂದು ತಂಬಿಗೆ ಕೌಳಿಹಣ್ಣು ಕೊಯ್ದು ತಂದೆ. ಕಪ್ಪಗೆ ಹಣ್ಣಾದದ್ದು ಮಾತ್ರ, ಕೆಂಪಿದ್ದರೆ ಹುಳಿ. ಮನೆಯ ಕಸಿಮಾವು ಎರಡು, ಪುಟ್ಟಬಾಳೆ ಒಂದು ಚಿಪ್ಪು. ಬಡಿಸುವುದು ಯಾವುದರಲ್ಲಿ? ನಾವು ಉಣ್ಣುವ ಪಾತ್ರೆಗಳಿಗೆಲ್ಲ ಅನ್ನದ ಸೋಂಕು. ದೊನ್ನೆ ಮಾಡುವುದೆಂದಾಯಿತು. ಬಾಳೆಎಲೆಯನ್ನು ಕೆಂಡದ ಮೇಲೆ ಬಾಡಿಸಿದರೆ ಮಡಿಸುವಾಗ ಹರಿಯುವುದಿಲ್ಲ. ಅಮ್ಮ ಅದಕ್ಕೂ ಒಪ್ಪಲಿಲ್ಲ, ಬಿಸಿಲಿಗೆ ಹರವಿ ಬಾಡಿಸಿದಳು. ಚಮಚಕ್ಕೆ ಹಲಸಿನೆಲೆ ಮಡಿಸಿ ಕಡ್ಡಿ ಚುಚ್ಚಿದಳು. ಅವಳಿಗೆ ಹಟ ಹತ್ತಿತ್ತು.

ಗುರುವಾರ ಬೆಳಕು ಹರಿಯುತ್ತಿದ್ದ ಹಾಗೆ ಬುಟ್ಟಿ ಮೇಲೆ ಬಂತು. ಹಾಲಿನ ಮೇಲೆ ಗಟ್ಟಿ ಕೆನೆ. ಅಜ್ಜಿ ಹೊಸ ಗರಟೆಯಿಂದ ಅದನ್ನು ಮೆಲ್ಲಗೆ ಎತ್ತಿ, ತೆಳು ಬಟ್ಟೆಯಲ್ಲಿ ಸೋಸಿ, ತೊಳೆದಿಟ್ಟ ಚರಿಗೆಗೆ ಹಾಕಿದಳು. ಚರಿಗೆಯನ್ನು ಬಾವಿನೀರಿನ ಬೋಗುಣಿಯಲ್ಲಿ ಕೂರಿಸಿ ಅಲ್ಲಾಡದ ಹಾಗೆ ಹಿಡಿದುಕೊಳ್ಳುವುದು ನನ್ನ ಕೆಲಸ. ಕಡೆಯುವಾಗ ಮಾತಾಡಬಾರದು ಅನ್ನುವುದು ನಮ್ಮನೆ ಪದ್ಧತಿ. ಅಪ್ಪ ಕೂಡ ಕೊಟ್ಟಿಗೆ ಕಡೆಯಿಂದ ಬರಲಿಲ್ಲ.

ಮೊದಲು ಸಳಸಳ ಅಂತ ನೀರು ಕಡೆದ ಸದ್ದು. ಆಮೇಲೆ ಬುಳುಬುಳು. ಆಮೇಲೆ ಸದ್ದು ದಪ್ಪವಾಗುತ್ತಾ ಬಂತು, ಕಡಗೋಲು ಭಾರವಾಯಿತು ಅಂತ ಅಜ್ಜಿಯ ತೋಳು ನೋಡಿದರೆ ಗೊತ್ತಾಗುತ್ತಿತ್ತು. ಅಜ್ಜಿ ಕಣ್ಣು ಮುಚ್ಚಿದ್ದಳು. ಕಿವಿ ಚರಿಗೆಯ ಕಡೆಗೆ ವಾಲಿತ್ತು. ನನ್ನ ಬೆರಳು ತಣ್ಣೀರಿನಲ್ಲಿ ಮರಗಟ್ಟಿತ್ತು. ಒಂದು ಸಲಕ್ಕೆ ಸದ್ದು ನಿಂತೇಹೋಯಿತು. ಕಡಗೋಲು ತಿರುಗುತ್ತಿದೆ, ಸದ್ದಿಲ್ಲ. ಅಜ್ಜಿಯ ಕೈ ಇನ್ನೊಂದು ಸುತ್ತು ತಿರುಗಲು ಹೊರಟಿತು. ಐವತ್ತು ವರ್ಷ ತಿರುಗಿದ ಕೈ, ಅದಕ್ಕೇನು ಗೊತ್ತು? ಅಜ್ಜಿ ಹಲ್ಲು ಕಚ್ಚಿ ಕೈ ನಿಲ್ಲಿಸಿದಳು.

ಕಡಗೋಲು ಎತ್ತಿದಾಗ ಕೆನೆ ಅದರ ಹಿಂದೆಯೇ ಮೇಲೆ ಬಂದು, ತುದಿ ಚೂಪಾಗಿ, ಬೀಳದೆ ನಿಂತಿತು. ಮಲ್ಲಿಗೆ ಮೊಗ್ಗಿನಷ್ಟು ಬಿಳಿ. ಬೆಣ್ಣೆಯಲ್ಲ, ಹಾಲಲ್ಲ, ಮೊಸರಲ್ಲ. ನಾನು ಅಂಥದ್ದು ನೋಡಿರಲಿಲ್ಲ ಸರಿ, ಅಮ್ಮನೂ ಚಿತ್ರದಲ್ಲಿ ಮಾತ್ರ ನೋಡಿದ್ದಳು. ಆದರೆ ನನಗೆ ಮೈ ಜುಮ್ಮೆಂದದ್ದು ಅಜ್ಜಿಯ ಮುಖ ನೋಡಿ.

“ದಿನಾ ಇದ್ರ ಮೇಲೇ ಹಾಯ್ದು ಹೋಗಿದೀನಲ್ಲೇ,” ಎಂದಳು. “ಒಂದಿನಾನೂ ನೋಡಿರ್ಲಿಲ್ಲ.”

ಒರಳಿನಲ್ಲಿ ಪುಡಿ ಮಾಡಿದ ಸಕ್ಕರೆ, ಏಲಕ್ಕಿ, ಹಣ್ಣಿನ ಹೋಳು ಸೇರಿಸಿ, ಮುಚ್ಚಿ, ಮತ್ತೆ ಬಾವಿಗೆ ಬಿಟ್ಟೆವು.

ಅಮ್ಮನೋರು ಹತ್ತು ಗಂಟೆ ಹೊತ್ತಿಗೆ ಕೊಡೆ ಹಿಡಿದು ಒಬ್ಬರೇ ಬಂದರು. ನಾನು ಎತ್ತರದ ಗಟ್ಟಿ ಹೆಂಗಸನ್ನು ಊಹಿಸಿದ್ದೆ. ಬಂದವರು ಅಜ್ಜಿಗಿಂತ ಸಣ್ಣಗಿದ್ದರು, ಮೆಟ್ಟಿಲು ಹತ್ತಲು ಕಂಬ ಹಿಡಿದರು. ಜಗಲಿಯ ಹೊಸ ಚಾಪೆಯಲ್ಲಿ ಕೂತು, ಅಮ್ಮನಿಗೆ ಕುಂಕುಮ ಕೊಟ್ಟು, ಅಕ್ಷತೆ ಕೊಟ್ಟು, ಎಲ್ಲರೂ ಬನ್ನಿ ಎಂದು ಕರೆದರು. ಎಮ್ಮೆ ಬಗ್ಗೆ ನಾಲ್ಕು ಮಾತು, ಮಂಡಿನೋವಿನ ಬಗ್ಗೆ ನಾಲ್ಕು ಮಾತು. ಅಜ್ಜಿ ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತೇ ಉತ್ತರ ಕೊಡುತ್ತಿದ್ದಳು. ಗದ್ದೆಯ ಮಾತು ಯಾರೂ ಎತ್ತಲಿಲ್ಲ. ಅವರು ಕೊಡೆಗೆ ಕೈ ಹಾಕಿದಾಗ ಅಮ್ಮ ದೊನ್ನೆ ತಂದು ಮುಂದಿಟ್ಟಳು.

“ಅಮ್ಮಾ, ಒಲೆ ಮುಟ್ಟಿಲ್ಲ,” ಎಂದಳು ಅಜ್ಜಿ. “ಹಸಿ ಹಾಲಿನ ಕೆನೆ, ಹಣ್ಣು, ಸಕ್ಕರೆ. ನಾನೇ ಕಡ್ದಿದ್ದು.”

ಅಮ್ಮನೋರು ದೊನ್ನೆ ನೋಡಿದರು, ಅಜ್ಜಿಯನ್ನು ನೋಡಿದರು. ಬಿಸಿಲು ಏರಿತ್ತು. ಕೆನೆಯ ಅಂಚು ಮೆಲ್ಲಗೆ ಕುಸಿಯತೊಡಗಿತು, ಕೌಳಿಹಣ್ಣಿನ ನೇರಳೆ ಬಣ್ಣ ಬಿಳಿಯಲ್ಲಿ ಗೆರೆಗೆರೆಯಾಗಿ ಇಳಿಯಿತು. ಅವರು ಯೋಚಿಸಿ ಮುಗಿಸುವತನಕ ಅದು ಕಾಯುವ ಹಾಗಿರಲಿಲ್ಲ. ನನ್ನ ಬಾಯಿ ತಡೆಯಲಿಲ್ಲ.

“ಬೇಗ ತಿನ್ನಿ ಅಮ್ಮಾ, ಕರಗ್ತದೆ.”

ಅಮ್ಮ ನನ್ನ ತೊಡೆ ಚಿವುಟಿದಳು. ಅಮ್ಮನೋರ ಮುಖದಲ್ಲಿ ಸಣ್ಣ ನಗು ಬಂತು. ಹಲಸಿನೆಲೆ ಎತ್ತಿ, ಒಂದು ತುತ್ತು ಬಾಯಿಗಿಟ್ಟರು. ಇಟ್ಟವರು ಹಾಗೇ ಕೂತರು. ಆಮೇಲೆ ಎರಡನೆಯದು, ಮೂರನೆಯದು. ನಾವು ಮೂವರೂ ಉಸಿರು ಬಿಟ್ಟೆವು. ದೇವರ ಮುಂದೆ ಆರತಿ ಎತ್ತಿದಾಗ ನಿಲ್ಲುವ ಹಾಗೆ ನಿಂತಿದ್ದೆವು ಅಂತ ಈಗ ಅನಿಸುತ್ತದೆ. ಅರ್ಧ ತಿಂದ ಮೇಲೆ ಅವರು ತಮ್ಮ ಪಕ್ಕದ ಚಾಪೆಯನ್ನು ಅಂಗೈಯಿಂದ ತಟ್ಟಿ ಅಜ್ಜಿಯ ಹೆಸರು ಹಿಡಿದು ಕರೆದರು.

“ಬಂಗಾರಿ, ನಿಂದೂ ತಗಂಬಾ. ಇಲ್ಲಿ ಕೂತ್ಕ. ಒಬ್ಳೇ ಹ್ಯಾಗೆ ತಿಂಬದು?”

ಇದನ್ನು ನಾವು ಯಾರೂ ನಿರೀಕ್ಷಿಸಿರಲಿಲ್ಲ. ಅಮ್ಮ ಅಜ್ಜಿಯ ಕಡೆ ನೋಡಿ ಕಣ್ಣಲ್ಲೇ ‘ಕೂರಿ’ ಎಂದಳು. ಅಜ್ಜಿ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. ನಾನು ನೋಡಿದೆ, ಅವಳ ಮಂಡಿ ಬಾಗಲು ಹೊರಟಿತ್ತು.

“ಇರ್ಲಿ ಅಮ್ಮಾ. ನಿಮ್ದಾಗ್ಲಿ,” ಎಂದು ಮತ್ತೆ ಗೋಡೆಗೆ ಒರಗಿದಳು.

ಅಮ್ಮನೋರು ಎರಡನೇ ಸಲ ಕರೆಯಲಿಲ್ಲ. ದೊನ್ನೆ ಬರಿದಾಗುವತನಕ ತಿಂದರು. ಎಲೆ ಎಲ್ಲಿ ಹಾಕಲಿ ಎಂದು ಕೈಯಲ್ಲಿ ಹಿಡಿದುಕೊಂಡೇ ಎದ್ದರು. ಅಜ್ಜಿ ಓಡಿಬಂದು ಅದನ್ನು ಅವರ ಕೈಯಿಂದ ಕಿತ್ತುಕೊಂಡಳು.

ಅವರು ಹೋದ ಮೇಲೆ ಅಮ್ಮ ಅಜ್ಜಿಯ ಪಾಲು ತಂದಳು. ಅದು ಅಷ್ಟರಲ್ಲಿ ಹಣ್ಣು ತೇಲುವ ಸಿಹಿ ಹಾಲಾಗಿತ್ತು. ಅಜ್ಜಿ ಅದೇ ಚಾಪೆಯ ಮೇಲೆ ಕೂತು, ದೊನ್ನೆ ಎತ್ತಿ ಕುಡಿದಳು. ತಿಂದರಲ್ಲ ಅಜ್ಜಿ, ಗೆದ್ದೆಯಲ್ಲ ಎಂದೆ ನಾನು. ಹೂಂ ಎಂದಳು.

ಉಪನಯನಕ್ಕೆ ಹೋದೆವು. ನಮಗೆ ಎಲೆ ಹಾಕಿದ್ದು ಹೊರಗಿನ ಚಪ್ಪರದಲ್ಲೇ, ಎಲೆ ಎತ್ತಿದ್ದೂ ನಾವೇ. ಅಮ್ಮನೋರು ಒಳಗೆ ಎಲ್ಲೋ ಇದ್ದರು, ಅಜ್ಜಿ ಬಾಗಿಲ ಕಡೆಗೇ ನೋಡುತ್ತಾ ಉಂಡಳು. ಆ ಮಳೆಗಾಲದಲ್ಲಿ ಅಮ್ಮನೋರು ತೀರಿಕೊಂಡರು.

ಈಗ ನಾನಿರುವುದು ಸಾಗರದಲ್ಲಿ. ಅವತ್ತು ಜನಿವಾರ ಹಾಕಿಸಿಕೊಂಡ ಹುಡುಗನೂ ಇಲ್ಲೇ ಇದ್ದಾನೆ, ತಲೆ ನರೆತಿದೆ. ಹೆಂಡತಿ ಮಕ್ಕಳ ಜೊತೆ ನಮ್ಮನೆಗೆ ಬರುತ್ತಾನೆ, ಅನ್ನ ಸಾರು ಬಡಿಸಿಕೊಂಡು ಉಣ್ಣುತ್ತಾನೆ. ಆ ಮುಸುರೆ, ಆ ಮೈಲಿಗೆ ನಮ್ಮೆರಡು ಮನೆಗಳ ಮಟ್ಟಿಗಾದರೂ ಹೋಯಿತು. ಪೀಡೆ ಕಳೆಯಿತು, ಅದಕ್ಕೆ ನಾನು ಅಳುವವಳಲ್ಲ. ಹೋದ ತಿಂಗಳು ಅವನಿಗೆ ಫ್ರೂಟ್ ಕ್ರೀಮ್ ಮಾಡಿದ್ದೆ. ಪ್ಯಾಕೆಟ್ ಕೆನೆ, ಕರೆಂಟಿನ ಬೀಟರು, ಫ್ರಿಜ್ಜು. ಬೀಟರಿನ ಗದ್ದಲದಲ್ಲಿ ಅದು ಬಾಯಿ ಮುಚ್ಚಿದ್ದು ನನಗೆ ಕೇಳಿಸುವುದೇ ಇಲ್ಲ, ಎರಡು ಸಲಕ್ಕೊಂದು ಸಲ ಬೆಣ್ಣೆಯಾಗುತ್ತದೆ. ಆ ಕಿವಿ ಅಜ್ಜಿಯ ಜೊತೆಗೇ ಹೋಯಿತು. ತಿನ್ನುತ್ತಾ ತಿನ್ನುತ್ತಾ ಅವನಿಗೆ ಈ ಕಥೆಯೆಲ್ಲ ಹೇಳಿದೆ. ಎಲ್ಲ ಕೇಳಿ, ನಿಮ್ಮಜ್ಜಿ ಯಾಕೆ ಕೂತ್ಕೊಳ್ಳಲಿಲ್ಲ ಎಂದು ಕೇಳಿದ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ನಾನು ಅವನ ಬಟ್ಟಲಿಗೆ ಇನ್ನೊಂದು ಚಮಚ ಹಾಕಿದೆ.

ಅವನಿಗೆ ಹೇಳದೆ ಉಳಿಸಿಕೊಂಡದ್ದು ಒಂದಿದೆ. ಅಜ್ಜಿ ಆಮೇಲೂ ಎಷ್ಟೋ ವರ್ಷ ಬದುಕಿದ್ದಳು. ಕೆನೆಮೊಸರು ಕಡೆಯಲು ಕೂತಾಗಲೆಲ್ಲ, ಸದ್ದು ನಿಲ್ಲುವ ಆ ಗಳಿಗೆಗೆ ಕೈಯನ್ನೂ ನಿಲ್ಲಿಸುತ್ತಿದ್ದಳು. ಬೆಣ್ಣೆ ಬೇಕಾದರೂ ನಿಲ್ಲಿಸುತ್ತಿದ್ದಳು. ಕಡಗೋಲು ಎತ್ತಿ ನೋಡಿ, ಮತ್ತೆ ಮುಳುಗಿಸಿ ಮುಂದುವರಿಸುತ್ತಿದ್ದಳು. ಎಂತಕ್ಕೆ ಅಜ್ಜಿ ಎಂದು ನಾನು ಒಂದು ದಿನ ಕೇಳಿದೆ.

“ಇಷ್ಟೇ ಹೊತ್ತು ಕಣೇ ಇರದು,” ಎಂದಳು ಅಜ್ಜಿ, ಕಡಗೋಲಿನ ಕಡೆಗೇ ನೋಡುತ್ತಾ. “ಕೂತ್ಕಬೋದಿತ್ತು.”