ಹೆಸರು ಹಿಡಿಯದೆ ಕೊಟ್ಟ ಅಪ್ಪಣೆ

ಮಕ್ಕಳೇ, ದೆವ್ವ ಕಂಡೆ, ಸತ್ತವರ ದನಿ ಕೇಳಿದೆ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ನಮ್ಮೂರಲ್ಲಿ ಅಂಥವರು ಬೇಕಾದಷ್ಟು ಜನ ಇದ್ದರು. ಹೊಲದ ಕೆಲಸಕ್ಕೆ ಕರೆದ ದಿನವೇ ಅವರಿಗೆ ಏನಾದರೊಂದು ಕಾಣಿಸುತ್ತಿತ್ತು. ಮಗನ ಜೊತೆ ಈ ದೊಡ್ಡ ಶಹರಕ್ಕೆ, ಮಿಯಾಪುರದ ಈ ಅಪಾರ್ಟ್‌ಮೆಂಟಿಗೆ ಬಂದ ಮೇಲೆ, ಲಿಫ್ಟಿನಲ್ಲಿ ಯಾರೋ ನಿಂತಿದ್ದರು ಎಂದು ನಡುಗುವ ಓದಿದ ಹೆಂಗಸರನ್ನೂ ನೋಡಿದೆ. ನಾನು ನಾಲ್ಕು ಜನರ ಮುಂದೆ ಬಾಯಿ ಬಿಡುವವಳಲ್ಲ. ಒಳಗೊಳಗೇ ನಕ್ಕು ಸುಮ್ಮನಾಗುತ್ತಿದ್ದೆ. ಈಗ ನಾನೇ ಇದನ್ನು ಬರೆಯುತ್ತಿದ್ದೇನೆ. ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ನಿಮ್ಮ ಮುತ್ತ್ಯಾ, ಅಂದರೆ ನನ್ನ ಯಜಮಾನರು, ತೀರಿಕೊಂಡ ಮರುವರ್ಷದ ಮಾತು. ನಿಮ್ಮ ಅಪ್ಪನ ಕೆಲಸ ಹೋಗಿತ್ತು. ಅಮೀರ್‌ಪೇಟೆಯ ಒಂದು ಕಣ್ಣಿನ ಆಸ್ಪತ್ರೆಯ ಕಂಪ್ಯೂಟರುಗಳನ್ನು ನಿಮ್ಮ ಅವ್ವ ಶೈಲಾ ಮನೆಯಿಂದಲೇ ನೋಡಿಕೊಳ್ಳುತ್ತಿದ್ದಳು. ನಮ್ಮ ಒಲೆ ಉರಿಯುತ್ತಿದ್ದದ್ದು ಅದೊಂದರಿಂದಲೇ.

ಅವಳು ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರೋಗ್ರಾಂ ಕೂರಿಸಿದ್ದಳು. ಆಸ್ಪತ್ರೆಯ ಒಂದೊಂದೇ ಕಂಪ್ಯೂಟರಿನ ನಾಡಿ ಹಿಡಿದು, ಯಾವುದಕ್ಕೆ ಏನು ಕಾಯಿಲೆ ಎಂದು ಅದು ಹೇಳಬೇಕು. ಅದು ಪರದೆಯ ಮೇಲೆ ಕಾಣುವುದಿಲ್ಲ, ಹಿಂದೆಲ್ಲೋ ತನ್ನಷ್ಟಕ್ಕೆ ನಡೆಯುತ್ತಿರುತ್ತದೆ. ಅಂಥದ್ದಕ್ಕೆ ‘ಸರ್ವಿಸ್’ ಎನ್ನುತ್ತಾರಂತೆ. ಅದರೊಂದಿಗೆ ಮಾತಾಡಬೇಕಾದರೆ ಒಂದು ಕಪ್ಪು ಕಿಟಕಿ ತೆರೆದು, ಏಳು, ನಿಲ್ಲು, ಹೇಗಿದ್ದೀಯ ಎಂದು ಇಂಗ್ಲಿಷಿನಲ್ಲಿ ಟೈಪು ಮಾಡಬೇಕು. ಎತ್ತಿಗೆ ಹೇಳುವ ಮಾತುಗಳು! ಎತ್ತಾದರೆ ಕಿವಿ ಅಲ್ಲಾಡಿಸುತ್ತದೆ. ಮುಖವಿಲ್ಲದ ಈ ಆಳಿನ ಮುಂದೆ ಓದಿದವರೆಲ್ಲ ಬೆನ್ನು ಬಗ್ಗಿಸಿ ಕೂರುವುದನ್ನು ನೋಡಿ ನನಗೆ ಹೇಸಿಗೆಯಾಗುತ್ತಿತ್ತು.

ಅದಕ್ಕೊಂದು ಹೆಸರೂ ಬೇಕಂತೆ. ಶೈಲಾ ನಿಮ್ಮ ಮುತ್ತ್ಯಾನ ಹೆಸರಿಟ್ಟಳು. “ಮಾವ ಮನಿ ತುಂಬ ತಿರುಗಿ ನಲ್ಲಿ, ಗ್ಯಾಸು, ಚಿಲಕ ನೋಡತಿದ್ರಲ್ಲ ಅತ್ತಿ, ಇದೂ ಹಂಗೇ” ಎಂದಳು. ನನಗೆ ಸರಿಬರಲಿಲ್ಲ.

ಒಂದು ಮಧ್ಯಾಹ್ನ ಮನೆಯಲ್ಲಿ ನಾನೊಬ್ಬಳೇ ಇದ್ದೆ. ಶೈಲಾಳನ್ನು ಅಂದು ಆಸ್ಪತ್ರೆಗೇ ಕರೆಸಿದ್ದರು. ಅಲ್ಲಿಂದ ಅವಳ ಫೋನು ಬಂತು. ಆ ಸರ್ವಿಸ್‌ಗೆ ಹುಚ್ಚು ಹಿಡಿದಿತ್ತು. ಬಿಡುವಿಲ್ಲದೆ ನಾಡಿ ನೋಡಿ ನೋಡಿ ಆಸ್ಪತ್ರೆಯ ಕಂಪ್ಯೂಟರುಗಳನ್ನೆಲ್ಲ ಅಲುಗದಂತೆ ಮಾಡಿತ್ತು. ಕಣ್ಣಿಗೆ ಹನಿ ಹಾಕಿಸಿಕೊಂಡ ರೋಗಿಗಳು ಗೊಣಗುತ್ತ ಕುಳಿತಿದ್ದರು. ಮನೆಯ ಕಂಪ್ಯೂಟರಿನಿಂದ ನಿಲ್ಲಿಸದೆ ಬೇರೆ ದಾರಿ ಇರಲಿಲ್ಲ.

“ಪ್ಲಗ್ ಕಿತ್ತು ಒಗೀಲೇನು?” ಎಂದೆ.

“ಅಯ್ಯ, ಬ್ಯಾಡ್ರಿ ಅತ್ತಿ! ಆಸ್ಪತ್ರಿ ರಿಪೋರ್ಟೆಲ್ಲಾ ಅದರಾಗ ಕಾಪಿ ಆಗಾಕತ್ತಾವ. ಅವೂ ಹೋದ್ರ ನನ್ನ ಇಲ್ಲೇ ಹುಗಿತಾರ. ನಾ ಹೇಳಿದಂಗ ಒತ್ರಿ.”

ಅವಳ ಹಿಂದೆ ಮ್ಯಾನೇಜರನ ಗಂಟಲು ಕೇಳುತ್ತಿತ್ತು. “ಅಭೀ ಬಂದ್ ಕರೋ ಮೇಡಂ, ನಹೀ ತೋ ಕಲ್ ಸೇ ಮತ್ ಆವೋ!” ಈಗಲೇ ನಿಲ್ಲಿಸು, ಇಲ್ಲದಿದ್ದರೆ ನಾಳೆಯಿಂದ ಬರಬೇಡ ಎನ್ನುತ್ತಿದ್ದ. ತನ್ನ ಮುಂದಿರುವ ಕಂಪ್ಯೂಟರನ್ನು ಒರೆಸಲೂ ಬಾರದ ಮನುಷ್ಯ!

ಇಂಗ್ಲಿಷ್ ಅಕ್ಷರಗಳನ್ನು ನಾನು ಊರ ಶಾಲೆಯಲ್ಲಿ ಕಲಿತಿದ್ದೆ. ಫೋನನ್ನು ಸ್ಪೀಕರಿಗೆ ಹಾಕಿ, ತೆರೆದೇ ಇದ್ದ ಕಪ್ಪು ಕಿಟಕಿಯಲ್ಲಿ ಅವಳು ಹೇಳಿದಂತೆ ಒಂದೊಂದೇ ಒತ್ತಿದೆ. ‘ಸ್ಟಾಪ್’ ಆಯಿತು. ನಡುವೆ ಜಾಗ ಬಿಟ್ಟೆ.

“ಈಗ ಮಾವನ ಹೆಸರು ಹೊಡೀರಿ.”

ನನ್ನ ಕೈ ನಿಂತಿತು. ಮದುವೆಯಾದಾಗಿನಿಂದ ಅವರ ಹೆಸರನ್ನು ನಾನು ಬಾಯಿಗೆ ತಂದವಳಲ್ಲ. ರೇಷನ್ ಅಂಗಡಿಯಲ್ಲೂ ಪಕ್ಕದವರ ಕೈಲಿ ಹೇಳಿಸುತ್ತಿದ್ದೆ. ಇಲ್ಲಿ ನೋಡಿದರೆ, ಹೆಸರು ಹಿಡಿದು ‘ನಿಲ್ಲು’ ಎಂದು ಅವರಿಗೆ ಅಪ್ಪಣೆ ಮಾಡಬೇಕು.

“ಬಾಯಿಲೆ ಹೇಳಬ್ಯಾಡ್ರಿ, ಬರೀ ಒತ್ರಿ. ಮಾವ ಏನ್ ಬೈಯಾಕ ಬರತಾರೇನ್ರಿ?” ಶೈಲಾ ಅಳುವುದೊಂದು ಬಾಕಿ.

ಮೊದಲ ಅಕ್ಷರದ ಮೇಲೆ ಬೆರಳಿಟ್ಟೆ. ಒತ್ತಲಾಗಲಿಲ್ಲ. ಬೆರಳು ತೆಗೆದು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡೆ. ಯಾಕೆ ಹಾಗೆ ಅಂದೆನೋ ಗೊತ್ತಿಲ್ಲ, ಅವರು ಮಲಗದೆ ಚಿಲಕ ನೋಡುತ್ತ ತಿರುಗುವಾಗ ನಾನು ಅನ್ನುತ್ತಿದ್ದ ಹಾಗೆಯೇ ಆ ಕಪ್ಪು ಕಿಟಕಿಗೆ ಅಂದೆ: “ಏನ್ರೀ, ಸಾಕು ಮಾಡ್ರಿ ಇನ್ನ. ಆ ಹುಡುಗಿ ಅನ್ನ ಹೋಗತೈತಿ.”

ಫೋನಿನಲ್ಲಿ ಯಾರೋ “ಆ ಗಯಾ, ಆ ಗಯಾ” ಎಂದು, ಬಂತು ಬಂತು ಎಂದು, ಕೂಗಿದರು. “ನಿಂತತ್ರಿ ಅತ್ತಿ! ಎಲ್ಲಾ ಚಾಲೂ ಆದ್ವು” ಎಂದು ಶೈಲಾ ಉಸಿರು ಬಿಟ್ಟಳು. ಪರದೆಯ ಮೇಲೆ ನನ್ನ ಅಪ್ಪಣೆ ‘ಸ್ಟಾಪ್’ ಎಂಬಲ್ಲಿಗೇ, ಅರ್ಧಕ್ಕೇ ನಿಂತಿತ್ತು. ಅದರ ಮುಂದೆ ಸಣ್ಣ ಗೆರೆಯೊಂದು ಮಿಟುಕುತ್ತಿತ್ತು.

ಶೈಲಾ ಮನೆಗೆ ಬಂದಾಗಲೂ ಅದು ಹಾಗೆಯೇ ಇತ್ತು. ನಾನು ಅದನ್ನು ಮುಟ್ಟಿರಲಿಲ್ಲ. ಅವಳು ಇನ್ನೊಂದು ಕಿಟಕಿ ತೆರೆದು ವಿಚಾರಿಸಿದಳು. ಅಪ್ಪಣೆಯಾಗಿ ನಿಂತಿದ್ದೇನೆ ಎಂದೇ ಅದು ಹೇಳಿತು. ತಾನಾಗಿ ಬಿದ್ದಿದ್ದರೆ ತಾನಾಗಿಯೇ ಮತ್ತೆ ಏಳುವಂತೆ ಅವಳು ಏರ್ಪಾಡು ಮಾಡಿದ್ದಳಂತೆ. ಅದು ಎದ್ದಿರಲಿಲ್ಲ.

ನಿಮ್ಮ ಅಪ್ಪ ಊಟಕ್ಕೆ ಕುಳಿತು ಎಲ್ಲವನ್ನೂ ಬಿಡಿಸಿ ಹೇಳಿದ. ನಾನು ಗೊತ್ತಿಲ್ಲದೆ ಏನೋ ಒತ್ತಿರಬೇಕು, ಇಲ್ಲವೇ ಕರೆಂಟು ಏರಿಳಿದಿರಬೇಕು, ಇಲ್ಲವೇ ಪ್ರೋಗ್ರಾಮಿನಲ್ಲೇ ದೋಷವಿರಬೇಕು. ಮೂರು ತುತ್ತಿಗೆ ಮೂರು ಕಾರಣ. ಒಂದೂ ಇನ್ನೊಂದಕ್ಕೆ ಹೊಂದಲಿಲ್ಲ. ತಿಳಿಯದು ಎನ್ನುವುದಕ್ಕೂ ಓದು ಬೇಕೇನೋ, ಅವನಿಗೆ ಯಾರೂ ಅದನ್ನು ಕಲಿಸಿದಂತಿಲ್ಲ. ಆದರೆ ಭೂತದ ಕಥೆ ಹೇಳುವವರ ಸಾಲಿನಲ್ಲೂ ನಾನು ಕೂರಲಾರೆ. ನನ್ನ ಬಳಿ ಬೇರೆ ಕಾರಣವೂ ಇಲ್ಲ.

ಊಟವಾದ ಮೇಲೆ ಶೈಲಾ ಕಂಪ್ಯೂಟರಿನ ಮುಂದೆ ಕುಳಿತಳು. ಆಸ್ಪತ್ರೆಗೆ ಮರುದಿನ ಆ ಸರ್ವಿಸ್ ಬೇಕೇ ಬೇಕು.

“ಸರಿಪಡಿಸೀನಿ ಅತ್ತಿ. ಮತ್ತ ಚಾಲೂ ಮಾಡ್ಲ್ಯಾ?”

“ಬ್ಯಾಡವಾ,” ಎಂದೆ. “ಅವರು ಈಗ ಕುಂತಾರ, ಕುಂದ್ರಲಿ. ನೀ ಬ್ಯಾರೆ ಹೆಸರಿಟ್ಟು ಎಬ್ಬಿಸು.”

‘ಅವರು’ ಎಂದುಬಿಟ್ಟಿದ್ದೆ. ಶೈಲಾ ನಗುತ್ತಾಳೆಂದು ಕಾದೆ. ಅವಳು ನಗಲಿಲ್ಲ. ಮಾವ ಎದುರಿಗಿದ್ದಾಗ ಮಾಡುತ್ತಿದ್ದಂತೆ ತಲೆಯ ಮೇಲೆ ಸೆರಗು ಎಳೆದುಕೊಂಡು, ಹೊಸ ಹೆಸರನ್ನು ಟೈಪು ಮಾಡತೊಡಗಿದಳು.