ನನ್ನ ಗಂಡನ ಇನ್ನೊಂದು ಭಾಷೆ

ಮದುವೆಯಾಗಿ ಹಂದನಕೆರೆ ಹತ್ತಿರದ ಈ ತೋಟದ ಮನೆಗೆ ಬಂದ ಹೊಸದರಲ್ಲಿ ನನ್ನ ಗಂಡ ಮಾತು ಕಡಿಮೆಯ ಮನುಷ್ಯ ಎಂದುಕೊಂಡಿದ್ದೆ. ಊಟಕ್ಕೆ ಕೂತರೆ ಹ್ಞೂಂ, ಊಹ್ಞೂಂ. ತೋಟಕ್ಕೆ ಹೊರಟರೆ ‘ಬತ್ತೀನಿ’. ಅಷ್ಟೆ. ಯುಗಾದಿಗೆ ಅವರ ತಂಗಿ ಬಂದಾಗ ನನ್ನ ಎಣಿಕೆ ತಪ್ಪಾಯಿತು. ಅವಳನ್ನು ತುರುವೇಕೆರೆ ಕಡೆ ಕೊಟ್ಟಿತ್ತು. ಬ್ಯಾಗು ಒಳಗಿಡುವ ಮೊದಲೇ ಇಬ್ಬರೂ ಜಗಲಿಯ ಮೇಲೆ ಕೂತು ಮಾತಿಗೆ ಶುರುಮಾಡಿದರು. ಈ ಮನುಷ್ಯ ಕೈ ಬೀಸಿ, ತೊಡೆ ತಟ್ಟಿ ನಗುತ್ತಿದ್ದರು. ನನಗೆ ಒಂದು ಪದವೂ ತಿಳಿಯಲಿಲ್ಲ.

ಮಕ್ಕಳು ಆಡುವ ಕ-ಭಾಷೆ ಇರಬೇಕು, ಅಕ್ಷರಕ್ಕೊಂದು ‘ಕ’ ಸೇರಿಸುವಂಥದ್ದು ಎಂದುಕೊಂಡೆ. ಸ್ಕೂಲಿನಲ್ಲಿ ನಾವೂ ಆಡಿದ್ದೆವು. ಆದರೆ ಇದರಿಂದ ಏನನ್ನು ತೆಗೆದರೂ ಕನ್ನಡ ಉಳಿಯುತ್ತಿರಲಿಲ್ಲ. ಕಾಫಿ ಕೊಡುವಾಗ ಕೇಳಿದೆ.

‘ಏನ್ರೀ ಇದು, ಯಾವ ಭಾಷೆ?’

‘ಸುಮ್ನೆ ಕಣೇ, ಚಿಕ್ಕವರಿದ್ದಾಗ ನಾವೇ ಮಾಡ್ಕಂಡಿದ್ದು’ ಎಂದು ಲೋಟ ತೆಗೆದುಕೊಂಡು ಮತ್ತೆ ಅದೇ ಭಾಷೆಗೆ ಹೋದರು.

ಅತ್ತೆ ಅಡುಗೆಮನೆಯಿಂದಲೇ, ‘ಅವು ಮೊದ್ಲಿಂದ ಹಂಗೇ ಕಣವ್ವ, ನಂಗೂ ಒಂದಕ್ಷರ ಅರ್ಥಾಗಲ್ಲ’ ಎಂದರು. ಅವರಿಗೆ ಅದು ರೂಢಿಯಾಗಿತ್ತು. ನನಗೆ ಹೊಟ್ಟೆ ಉರಿಯಿತು.

ನಾನು ಓದಿದ್ದು ಭಾಷಾವಿಜ್ಞಾನ. ತಿಪಟೂರಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಜನ ಕೂತು ಕಟ್ಟಿದ ಭಾಷೆಗಳ ಬಗ್ಗೆಯೂ ಹುಡುಗರಿಗೆ ಹೇಳುವುದಿದೆ. ದೇಶ ದೇಶಗಳ ಜನ ಸುಲಭವಾಗಿ ಮಾತಾಡಿಕೊಳ್ಳಲಿ ಎಂದು ಹುಟ್ಟಿದ ಎಸ್ಪೆರಾಂಟೊ, ಸಿನಿಮಾದ ಅನ್ಯಗ್ರಹದವರಿಗಾಗಿ ಮಾಡಿಸಿದ ಭಾಷೆಗಳು, ಒಂದು ಮಾತಿಗೆ ಎರಡು ಅರ್ಥ ಬಾರದಂತೆ ಹೊಸೆದ ಭಾಷೆಗಳು. ಅವನ್ನು ಕಟ್ಟಿದವರು ಕಲಿಯುವವರಿಗಾಗಿ ಕಾದು ಕೂತಿದ್ದರು. ನನ್ನ ಮನೆಯ ಭಾಷೆಗೆ ಇಬ್ಬರೇ ಸಾಕಾಗಿತ್ತು. ಮೂರನೆಯವಳು ಬೇಕಿರಲಿಲ್ಲ.

ಕಲಿಸಿ ಎಂದು ಕೇಳಿದೆ. ‘ಅದೇನ್ ಭಾಷೆನೇ, ಬುಡು’ ಎಂದು ನಕ್ಕರು. ಹಾಗಾಗಿ ಕೇಳಿಸಿಕೊಂಡೇ ಕಲಿತೆ. ನಾದಿನಿ ಹಬ್ಬಕ್ಕೆ ಬಂದಾಗ, ಫೋನು ಮಾಡಿದಾಗ, ನಾನು ಅಲ್ಲೇ ಅವರೆಕಾಯಿ ಬಿಡಿಸುತ್ತಲೋ ಬಟ್ಟೆ ಮಡಿಸುತ್ತಲೋ ಕೂತಿರುತ್ತಿದ್ದೆ. ನಿಧಾನಕ್ಕೆ ತಿಳಿಯಿತು. ಕನ್ನಡದ ಹಾಗೆ ಇದರಲ್ಲೂ ಕ್ರಿಯಾಪದ ಕೊನೆಗೆ ಬರುತ್ತಿತ್ತು. ಕಣ್ಣಾರೆ ಕಂಡದ್ದನ್ನು ಹೇಳುವಾಗ ಅದಕ್ಕೆ ‘ನೊ’ ಸೇರುತ್ತಿತ್ತು, ಬರೀ ಕಿವಿಗೆ ಬಿದ್ದದ್ದಾದರೆ ‘ಮೆ’. ಕನ್ನಡದ ‘ಅಂತೆ’ಗಿಂತಲೂ ಕರಾರುವಾಕ್ಕಾದ ಇಂಥ ಕಟ್ಟನ್ನು ಇಬ್ಬರು ಮಕ್ಕಳು ಹೇಗೆ ಮಾಡಿದರು ಎಂದು ಬೆರಗಾದೆ. ಭಾಷೆ ಓದಿದವಳಿಗೆ ಅದು ಸಂತೋಷ. ಹೆಂಡತಿಗೆ ಯಾವ ಸಂತೋಷವೂ ಆಗಲಿಲ್ಲ. ಇಷ್ಟು ಚೆನ್ನಾಗಿರುವುದನ್ನು ಅವರು ಇನ್ನೊಬ್ಬಳ ಜೊತೆ ಮಾಡಿದ್ದರು.

ಮರುವರ್ಷ ಗೌರಿ ಹಬ್ಬದ ಮಾರನೆ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದೆವು. ಅಣ್ಣ ತಂಗಿ ಇಬ್ಬರೂ ಆ ಭಾಷೆಯಲ್ಲಿ ಮುಳುಗಿದ್ದರು. ನಾನು ಸಾರು ಬಡಿಸುತ್ತಾ, ‘ಲೋಮ ಟಿಕ್ಕ ಪೆರುನೊ’ ಎಂದೆ. ಇವತ್ತು ಸಾರು ತೆಳ್ಳಗಾಗಿದೆ ಎಂದು ಅರ್ಥ.

ನಾದಿನಿಯ ಕೈಯ ತುತ್ತು ಅರ್ಧಕ್ಕೆ ನಿಂತಿತು. ನನ್ನ ಗಂಡ ನನ್ನನ್ನು ನೋಡಿದರು. ಅದು ಕೋಪವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರ ಮುಖದಲ್ಲಿದ್ದದ್ದು ಹೆದರಿಕೆ. ಊಟ ಬಿಟ್ಟೆದ್ದು ಕೈ ತೊಳೆದು ತೋಟಕ್ಕೆ ಹೋದರು. ಸಂಜೆ ಬಂದ ಮೇಲೂ ಅಣ್ಣ ತಂಗಿ ಆಡಿದ್ದು ಕನ್ನಡದಲ್ಲಿ, ಅದೂ ನಾಲ್ಕೇ ಮಾತು.

ಮರುದಿನ ನಾದಿನಿ ಕೊಬ್ಬರಿ ತೆಗೆದುಕೊಡು ಬಾ ಎಂದು ನನ್ನನ್ನು ಅಟ್ಟಕ್ಕೆ ಕರೆದಳು. ಅಲ್ಲಿ ಒಣಗಲು ಹಾಕಿದ್ದ ಕಾಯಿಯ ರಾಶಿ ಗೋಡೆಯವರೆಗೂ ಇತ್ತು. ಅದರ ಪಕ್ಕದಲ್ಲೇ ಕೂತಳು.

‘ಅದನ್ನ ಮಾಡಿದ್ದು ಇಲ್ಲೇ ಅತ್ತಿಗೆ. ಅಪ್ಪ ಬರೋ ಹೊತ್ಗೆ ನಾವಿಬ್ರೂ ಇಲ್ಲಿ ಅವಿತ್ಕಂತಿದ್ವಿ.’

ಮಾವನವರು ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದರು. ಊರಿನಲ್ಲಿ ಅವರ ಮಾತು ಬಂದರೆ ಎಲ್ಲರೂ ದೊಡ್ಡ ಮನುಷ್ಯ ಎನ್ನುತ್ತಾರೆ.

‘ಯಾಕೆ?’ ಎಂದೆ.

‘ಹೊಡೆಯೋನು. ಬೈಕ್ ನಿಲ್ಸೋ ಸದ್ದಲ್ಲೇ ಗೊತ್ತಾಗೋದು, ಇವತ್ತು ಹೆಂಗೆ ಅಂತ. ಅಣ್ಣ ಬೆಳಕಿಂಡಿಲಿ ನೋಡಿ ಹೇಳೋನು, ನಾನು ಮೆಟ್ಲು ಹತ್ರ ಕಿವಿ ಕೊಟ್ಟು ಹೇಳ್ತಿದ್ದೆ. ನೋಡಿದ್ದಾ ಕೇಳಿದ್ದಾ ಅಂತ ತಿಳೀಬೇಕಿತ್ತಲ್ಲ. ಒಂದ್ಸಲ ನಾನು ಕೇಳಿದ್ದೇ ತಪ್ಪಾಗಿ, ಅಪ್ಪ ಹೋದ ಅಂದ್ಬುಟ್ಟೆ. ಅಣ್ಣ ಕೆಳಗಿಳಿದ. ಅವತ್ತೇ ಅವನ ಕೈ ಮುರಿದಿದ್ದು.’

ನನ್ನ ಗಂಡನ ಎಡಗೈ ಪೂರಾ ಚಾಚಲು ಬರುವುದಿಲ್ಲ. ಚಿಕ್ಕವನಿದ್ದಾಗ ಮರದಿಂದ ಬಿದ್ದೆ ಎಂದಿದ್ದರು.

‘ನಂಗ್ಯಾಕೆ ಹೇಳ್ಲಿಲ್ಲ ನಿಮ್ಮಣ್ಣ?’

‘ಕನ್ನಡದಲ್ಲಿ ಹೇಳಕ್ಕೆ ಅವನಿಗೆ ಬರಲ್ಲ ಕಣತ್ತಿಗೆ.’

ಅವಳ ಕೈ ಹಿಡಿದುಕೊಂಡೆ. ಅಳು ಬಂತು. ಅಳುತ್ತಿರುವಾಗಲೂ ಒಳಗೊಂದು ಕಡೆ, ಆ ಅಟ್ಟದ ಮೇಲೆ ಅವರ ಪಕ್ಕದಲ್ಲಿ ಹೆದರಿ ಕೂತವಳು ನಾನಲ್ಲವಲ್ಲ ಎಂದು ಹೊಟ್ಟೆಕಿಚ್ಚಾಗುತ್ತಿತ್ತು. ಆ ಹೆದರಿಕೆಯಲ್ಲೂ ನನಗೆ ಪಾಲಿರಲಿಲ್ಲ.

ಕೆಲವು ತಿಂಗಳಾದ ಮೇಲೆ ಅಣ್ಣ ತಂಗಿಯ ಮಾತು ಮತ್ತೆ ಮೊದಲಿನಂತಾಯಿತು, ಈಗ ನನ್ನ ಎದುರಿಗೇ. ನನಗೆ ಎಲ್ಲವೂ ಅರ್ಥವಾಗುತ್ತದೆ. ಮಂಡಿನೋವು, ಕೊಬ್ಬರಿ ರೇಟು, ಅವಳ ಮಗಳ ಪರೀಕ್ಷೆ, ಇಷ್ಟೇ. ಕರುಬುವಂಥದ್ದು ಅದರಲ್ಲಿ ಏನೂ ಇಲ್ಲ. ಆದರೂ ಆ ಭಾಷೆಯಲ್ಲಿ ನಗುವ ಹಾಗೆ ಈ ಮನುಷ್ಯ ಕನ್ನಡದಲ್ಲಿ ನಕ್ಕಿದ್ದನ್ನು ನಾನು ಕಂಡಿಲ್ಲ.

ಹೋದ ವಾರ ಅವರೇ ಬಂದು ಕೇಳಿದರು, ‘ನಮ್ದ್ರಲ್ಲಿ ಬಿಪಿಗೆ ಮಾತೇ ಇಲ್ಲ ಕಣೇ. ನೀನು ಓದ್ದೋಳು, ಒಂದ್ ಮಾಡ್ಕೊಡು.’ ಎರಡು ದಿನ ತಿಪಟೂರಿನ ಬಸ್ಸಿನಲ್ಲಿ ಅದೇ ಯೋಚನೆ. ಅವರ ಪದಗಳ ಜಾಡು ಹಿಡಿದು, ಎಲ್ಲೂ ತಪ್ಪಿಲ್ಲದಂತೆ ಒಂದು ಪದ ಮಾಡಿಕೊಟ್ಟೆ. ಅವರು ಅದನ್ನು ಎರಡು ಸಲ ಬಾಯಲ್ಲಿ ಹೇಳಿ ನೋಡಿದರು. ಸ್ಪೀಕರ್ ಹಾಕಿ ಫೋನಿನಲ್ಲಿ ತಂಗಿಗೂ ಹೇಳಿದರು.

‘ಚೆನ್ನಾಗೈತೆ ಅತ್ತಿಗೆ,’ ಎಂದಳು ಅವಳು. ‘ಆದ್ರೆ ನಮ್ದರಂಗೆ ಕೇಳ್ಸಲ್ಲ.’

ಆಮೇಲೆ ಅವರಿಬ್ಬರೂ ಆ ಕ್ಷಣವೇ ಬೇರೊಂದು ಪದ ಮಾಡಿಕೊಂಡು ನಕ್ಕರು. ಅದು ನಾನು ಕಂಡುಕೊಂಡ ಯಾವ ನಿಯಮಕ್ಕೂ ಒಗ್ಗುವುದಿಲ್ಲ. ಈಗ ಮನೆಯಲ್ಲಿ ಎಲ್ಲರೂ ಬಿಪಿಗೆ ಅದನ್ನೇ ಹೇಳುತ್ತೇವೆ, ನಾನೂ ಸಹ.